ಹೂವು ಬಲಕ್ಕೆ ಬಿತ್ತು, ಪಟ್ಟಿಯಲ್ಲಿ ಹೆಸರಿದೆಯೇ?

ನಮ್ಮೂರಲ್ಲಿ ಜ್ವರಕ್ಕೆ ಗುಳಿಗೆ ಸಿಗುತ್ತದೆ. ಆದರೆ ಬಂದಿರುವುದು ಎಂಥ ಜ್ವರ ಎಂದು ತಿಳಿಯಬೇಕಾದರೆ ಬಸ್ಸು ಹತ್ತಬೇಕು. ಒಂದು ಹನಿ ರಕ್ತ ಕೊಡಲು ಒಂದು ದಿನ, ಅದರಲ್ಲಿ ಏನಿದೆ ಎಂದು ಕೇಳಲು ಇನ್ನೊಂದು ದಿನ. ಹೊಲದ ಕೆಲಸ ಬಿಟ್ಟು ಕುಳಗೇರಿ ಕ್ರಾಸಿಗೆ ಬಂದು, ಅಲ್ಲಿಂದ ಬಾದಾಮಿ ಬಸ್ಸು ಹಿಡಿಯುವಷ್ಟರಲ್ಲಿ ಜ್ವರ ದಾರಿಯಲ್ಲೇ ಅರ್ಧ ಇಳಿದಿರುತ್ತದೆ, ಇಲ್ಲವೇ ದುಪ್ಪಟ್ಟಾಗಿರುತ್ತದೆ. ರಕ್ತ ನೋಡುವವರು ಹತ್ತಿರದಲ್ಲಿ ಯಾಕಿಲ್ಲ ಎಂದು ಕಟ್ಟೆಯ ಮೇಲೆ ಕುಳಿತು ಎಲ್ಲರೂ ಕೇಳುತ್ತಾರೆ. ನಮ್ಮ ಮನೆಯ ಹುಡುಗಿ ಆ ಕೆಲಸ ಕಲಿಯಲಿ ಎಂದು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ನಾನು ಸುನಂದಾ. ನಮ್ಮೂರ ಸ್ತ್ರೀಶಕ್ತಿ ಸಂಘದ ಸಭೆ ಕರೆಯುವವಳು. ನನಗೆ ಮಾತು ಜಾಸ್ತಿ ಎಂದು ನನ್ನ ಗಂಡನೇ ಹೇಳುತ್ತಾನೆ, ಅವನು ಹೇಳುವುದರಲ್ಲಿ ಅದೊಂದು ಸುಳ್ಳಲ್ಲ. ಈ ಕಥೆಯಲ್ಲಿ ಮೊದಲ ತಪ್ಪು ಮಾಡಿದವಳೂ ನಾನೇ. ಹಾಗಾಗಿ ನಾನೇ ಹೇಳುವುದು ನ್ಯಾಯ.

ಎರಡು ವರ್ಷದ ಹಿಂದಿನ ಮಾತು. ನಮ್ಮ ಪಕ್ಕದ ಮನೆ ಮಾಳಿಂಗರಾಯನದು. ಕುರಿ ಕಾಯುವ ಮನುಷ್ಯ, ಬೀರಪ್ಪನ ಪರಮ ಭಕ್ತ. ಕತ್ತಲಲ್ಲಿ ಕುರಿ ಕೆಮ್ಮಿದರೂ ಯಾವ ಕುರಿ ಎಂದು ಹೇಳಬಲ್ಲ. ಹೆಂಡತಿ ರೇಣವ್ವ. ಇಬ್ಬರಿಗೂ ಒಬ್ಬಳೇ ಮಗಳು ರಾಜಶ್ರೀ, ಆ ವರ್ಷ ಬಾದಾಮಿಯಲ್ಲಿ ಸೈನ್ಸ್ ಓದಿ ಪಿಯುಸಿ ಪಾಸಾಗಿದ್ದಳು. ಮುಂದೇನು ಎಂದು ಯಾರಿಗೂ ಗೊತ್ತಿರಲಿಲ್ಲ. ವರ ಹುಡುಕುವ ಮಾತು ಮಾತ್ರ ಕೇಳದೆಯೇ ಮನೆ ಬಾಗಿಲಿಗೆ ಬರುತ್ತಿತ್ತು.

ಆಗಲೇ ರೇಣವ್ವನಿಗೆ ಬಿಟ್ಟು ಬಿಟ್ಟು ಚಳಿಜ್ವರ ಬಂತು. ಮಗಳು ತಾಯಿಯನ್ನು ಬಾದಾಮಿಯ ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದಳು. ಅಲ್ಲಿ ರಕ್ತ ಪರೀಕ್ಷೆ ಮಾಡುವಾಕೆ ಮುಬಶೀರಾ. ತಾಯಿ ಬೆಂಚಿನ ಮೇಲೆ ಒರಗಿದ್ದರೆ ಮಗಳು ಪ್ರಯೋಗಾಲಯದ ಹೊಸ್ತಿಲಲ್ಲಿ ನಿಂತು ಒಳಗೇ ನೋಡುತ್ತಿದ್ದಳು.

"ಹೊಸ್ತಲದಾಗ ಯಾಕ ನಿಂತಿ ತಂಗಿ? ನೋಡಬೇಕೇನು?" ಎಂದಳು ಮುಬಶೀರಾ.

ರಾಜಶ್ರೀ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು, ಅದರಡಿ ತಾಯಿಯ ರಕ್ತ ಸವರಿದ ಗಾಜಿತ್ತು. ಒಂದು ದುಂಡನೆಯ ಬೆಳಕು. ಆ ಬೆಳಕಿನಲ್ಲಿ ತೆಳು ಗುಲಾಬಿ ಬಣ್ಣದ ನೂರಾರು ಚುಕ್ಕಿಗಳು, ನಸುಕಿನಲ್ಲಿ ಹೊಳೆ ದಂಡೆಗೆ ಬಿಟ್ಟ ಕುರಿಗಳ ಹಾಗೆ ಹರಡಿಕೊಂಡಿದ್ದವು. ನಡುವೆ ಅಲ್ಲೊಂದು ಇಲ್ಲೊಂದು ನೇರಳೆ ಬಣ್ಣದ್ದು.

"ನಮ್ಮವ್ವನ ಒಳಗ ಇಷ್ಟೆಲ್ಲ ಐತೇನ್ರೀ?" ಎಂದು ಮೆಲ್ಲಗೆ ಕೇಳಿದಳು.

"ಎಲ್ಲಾರ ಒಳಗೂ ಐತಿ. ನೋಡವ್ರು ಬೇಕಲ್ಲ," ಎಂದು ಮುಬಶೀರಾ ನಕ್ಕಳು.

ರೇಣವ್ವನಿಗೆ ಔಷಧಿ ಸಿಕ್ಕಿತು, ಜ್ವರ ಬಿಟ್ಟಿತು. ಮಗಳಿಗೆ ಹಿಡಿದದ್ದು ಮಾತ್ರ ಬಿಡಲಿಲ್ಲ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಹಿಟ್ಟನ್ನೇ ನೋಡುತ್ತಾ ಕೂರುತ್ತಿದ್ದಳು. ಹೊಳೆಯ ನೀರನ್ನು ಬೊಗಸೆಯಲ್ಲಿ ಹಿಡಿದು ಬಿಸಿಲಿಗೆ ಎತ್ತಿ, ಇದರೊಳಗೆ ಏನೇನು ಓಡಾಡುತ್ತಿರಬಹುದು ಎಂದು ಕೇಳುತ್ತಿದ್ದಳು. ಒಂದು ಸಂಜೆ ನನ್ನ ಪಕ್ಕ ಕೂತು, "ಸುನಂದಕ್ಕ, ನನಗ ಕನಸ ಬಿದ್ದಿತ್ತು. ಬಿಳೀ ಕೋಟ ಹಾಕ್ಕೊಂಡೇನಿ. ಕಿಡಕ್ಯಾಗ ಹಾಯ್ದು ನಮ್ಮ ಹೊಳಿ ಕಾಣತೈತಿ. ಊರ ಮಂದಿ ಸಾಲಾಗಿ ಕುಂತಾರ, ಯಾರೂ ಬಸ್ಸಿಗೆ ಹೋಗವಲ್ರು," ಎಂದಳು. ಹೇಳುವಾಗ ಅವಳ ಕಣ್ಣು ಅರ್ಧ ಮುಚ್ಚಿತ್ತು. ಕೇಳಿದ ನನಗೂ ಆ ಕಿಟಕಿ ಕಂಡ ಹಾಗಾಯಿತು. ನನಗೂ ಕಣ್ಣು ತೆರೆದುಕೊಂಡೇ ಕನಸು ಕಾಣುವ ಚಾಳಿ ಇದೆ.

ಆ ಕನಸಿನ ಗುಂಗಿನಲ್ಲೇ ನಾನು ಎಡವಿದ್ದು. ಹುನಗುಂದಕ್ಕೆ ತಂಗಿಯ ಮನೆಗೆ ಹೋಗಿದ್ದೆ. ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ಕರದಂಟು ಕಟ್ಟಿಸಿಕೊಳ್ಳುತ್ತಿದ್ದಾಗ ಒಬ್ಬ ಕೈಗೆ ಹಳದಿ ಚೀಟಿ ಕೊಟ್ಟ. "ಆರೇ ತಿಂಗಳು! ಪ್ಯಾರಾಮೆಡಿಕಲ್ ಸರ್ಟಿಫಿಕೇಟ್! ಸರ್ಕಾರಿ ಆಸ್ಪತ್ರೆಯಲ್ಲಿ ನೌಕರಿ ಖಾತ್ರಿ!" ಎಂದು ದಪ್ಪ ಅಕ್ಷರದಲ್ಲಿತ್ತು. ದೇವರೇ ಕೊಟ್ಟ ಹಾಗಾಯಿತು ಎಂದುಕೊಂಡೆ. ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಮಾಳಿಂಗರಾಯನ ಅಂಗಳದಲ್ಲಿ ನಿಂತು ಚೀಟಿ ಓದಿದೆ. ಓದಿದ್ದಷ್ಟೇ ಅಲ್ಲ, ಜಂಬವನ್ನೂ ಪಟ್ಟೆ.

ಮಾಳಿಂಗರಾಯ ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದ. ಆ ಕಡೆಯ ದನಿ ಬೆಲ್ಲದಂತಿತ್ತು. "ಸೋಮವಾರ ಪ್ಯಾಟ್ಯಾಗಿನ ನಮ್ಮ ಸೆಂಟರಿಗೆ ಬರ್ರಿ ಕಾಕಾ. ಹತ್ತನೇತ್ತಾದ್ದು, ಪಿಯುಸಿದು, ಟಿಸಿ, ಜಾತಿ ಸರ್ಟಿಫಿಕೇಟು, ಎಲ್ಲಾ ಒರಿಜಿನಲ್ ತರ್ರಿ. ನಮ್ಮ ಕಡೆ ಜಮಾ ಇರ್ತಾವ."

ಮಾಳಿಂಗರಾಯ ದೇವರನ್ನು ಕೇಳದೆ ಕುರಿ ಮಂದೆಯ ದಾರಿಯನ್ನೂ ಬದಲಿಸುವವನಲ್ಲ. ಭಾನುವಾರ ಮನೆಮಂದಿಯೆಲ್ಲ ಬೀರಪ್ಪನ ಗುಡಿಗೆ ಹೋದರು, ನಾನೂ ಹೋದೆ. ಪೂಜಾರಿ ದೇವರಿಗೆ ಒದ್ದೆ ಹೂವು ಅಂಟಿಸಿದ. ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ. ಮಾಳಿಂಗರಾಯ ಕೈ ಮುಗಿದು ಜೋರಾಗಿಯೇ ಕೇಳಿದ. ಗುಡಿಯೊಳಗೆ ಎಣ್ಣೆಯ ವಾಸನೆ, ಅರೆಗತ್ತಲು. ನಾವೆಲ್ಲ ಆ ಹೂವನ್ನೇ ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆವೋ ನನಗೆ ನೆನಪಿಲ್ಲ. ಹೂವು ಜಾರಿತು, ಬಲಕ್ಕೇ ಬಿತ್ತು. ರೇಣವ್ವ ಅತ್ತೇಬಿಟ್ಟಳು. ಮಾಳಿಂಗರಾಯ ದೇವರ ಭಂಡಾರದ ಅರಿಶಿನ ತಂದು ಮಗಳ ಕಾಗದದ ಚೀಲಕ್ಕೆ ಹಚ್ಚಿದ.

ಸೋಮವಾರ ನಸುಕಿಗೇ ಹೊರಟೆವು. ಟಂಟಂ ಗಾಡಿಯಲ್ಲಿ ಕುಳಗೇರಿ ಕ್ರಾಸಿಗೆ ಬಂದು ಪೇಟೆಯ ಬಸ್ಸಿಗೆ ಕಾಯುತ್ತಾ ನಿಂತೆವು. ಚಹಾದ ಅಂಗಡಿಯ ಒಲೆ ಆಗಷ್ಟೇ ಹೊತ್ತಿತ್ತು. ಜೋಳದ ಹೊಲಗಳ ಮೇಲೆ ತೆಳ್ಳಗೆ ಬೆಳಕು ಹರಡುತ್ತಿತ್ತು. ರಾಜಶ್ರೀ ಚೀಲವನ್ನು ಎದೆಗೆ ಅವಚಿಕೊಂಡು, ಆಗಲೇ ಬಿಳಿ ಕೋಟು ತೊಟ್ಟವಳ ಹಾಗೆ ನೆಟ್ಟಗೆ ನಿಂತಿದ್ದಳು. ಅಲ್ಲೇ ಬಾದಾಮಿ ಬಸ್ಸಿಗೆ ಕಾಯುತ್ತಿದ್ದವಳು ಮುಬಶೀರಾ. ಅವಳ ಮನೆ ಕ್ರಾಸಿನಲ್ಲೇ.

"ಏನವಾ ತಂಗಿ, ಇಷ್ಟ ಲಗೂನ ಎಲ್ಲಿಗೆ ಹೊಂಟಿ?"

ರಾಜಶ್ರೀ ಖುಷಿಯಿಂದ ಎಲ್ಲ ಹೇಳಿದಳು. ನಾನು ನಡುನಡುವೆ ಬಾಯಿ ಹಾಕಿ ಹಳದಿ ಚೀಟಿಯನ್ನೂ ತೋರಿಸಿದೆ. ಮುಬಶೀರಾಳ ಮುಖದ ಮೇಲಿನ ನಗು ಇಳಿಯಿತು.

"ಕಾಕಾ, ಒರಿಜಿನಲ್ ಕೊಡಬ್ಯಾಡ್ರಿ. ಇದನ್ನ ಓದಿದ್ರ ಸರ್ಕಾರಿ ದವಾಖಾನಿಗೆ ಅರ್ಜಿ ಹಾಕಾಕೂ ಬರಂಗಿಲ್ಲ," ಎಂದಳು.

"ಸರ್ಟಿಫಿಕೇಟ ಕೊಡ್ತಾರಂತಲ್ರೀ ಅಕ್ಕಾರ?" ಎಂದ ಮಾಳಿಂಗರಾಯ.

"ಕಾಗದ ಯಾರ ಬೇಕಾದ್ರೂ ಕೊಡ್ತಾರ ಕಾಕಾ. ಸರ್ಕಾರ ಕೇಳೂದು ಡಿಪ್ಲೊಮಾ. ಅದನ್ನ ಪ್ಯಾರಾ ಮೆಡಿಕಲ್ ಮಂಡಳಿ ಒಪ್ಪಿದ ಕಾಲೇಜಿನ್ಯಾಗ ಓದಬೇಕು, ಮಂಡಳಿ ಪರೀಕ್ಷೆ ಪಾಸಾಗಬೇಕು. ಹತ್ತನೇತ್ತಾ ಮುಗಿಸಿ ಸೇರಿದ್ರ ಮೂರು ವರ್ಷ. ನಿಮ್ಮ ಮಗಳಂಗ ಪಿಯುಸಿ ಸೈನ್ಸ್ ಮುಗಿಸಿದವ್ರಿಗೆ ಎರಡು ವರ್ಷ. ದವಾಖಾನ್ಯಾಗ ಕೈಕೆಲಸದ ತರಬೇತಿನೂ ಇರತೈತಿ. ಆರು ತಿಂಗಳದಾಗ ಆಗೂ ಮಾತಲ್ಲ ಇದು."

ಮಾಳಿಂಗರಾಯ ತಲೆ ಅಲ್ಲಾಡಿಸಿದ. "ಇಲ್ರಿ. ಬೀರಪ್ಪ ಹೂವ ಕೊಟ್ಟಾನ. ಬಲಕ್ಕ ಬಿದ್ದೈತಿ. ಅಪ್ಪಣಿ ಆದಮ್ಯಾಲ ಅರ್ಧ ದಾರ್ಯಾಗ ತಿರುಗಿ ಹೋದ್ರ ದೇವರಿಗೆ ಎದುರು ಹೋದಂಗ."

ರೇಣವ್ವನೂ ಹೆದರಿ ಗಂಡನ ಪಕ್ಕ ಸರಿದಳು. ದೂರದಲ್ಲಿ ಪೇಟೆಯ ಬಸ್ಸಿನ ದೀಪ ಕಾಣಿಸಿತು. ಆ ಬಸ್ಸು ಹತ್ತಿದರೆ ಹುಡುಗಿಯ ಹನ್ನೆರಡು ವರ್ಷದ ಓದು ಯಾರದೋ ಕಪಾಟಿನಲ್ಲಿ ಬೀಳುತ್ತದೆ. ಅದು ನನಗೆ ಆಗ ಸರಿಯಾಗಿ ಅರ್ಥವಾಯಿತು. ಚೀಟಿ ತಂದವಳು ನಾನು.

ಮುಬಶೀರಾ ದೇವರಿಗೆ ಒಂದು ಮಾತೂ ಅನ್ನಲಿಲ್ಲ. ಶಾಂತವಾಗಿ ಕೇಳಿದಳು, "ದೇವ್ರು ಅಪ್ಪಣಿ ಕೊಟ್ಟಿದ್ದು ಛಲೋ ಆತು ಕಾಕಾ. ನೀವು ಏನಂತ ಕೇಳಿದ್ರಿ?"

ಉತ್ತರ ಕೊಟ್ಟವಳು ಮಗಳು.

"ಅಪ್ಪಾ, 'ನನ್ನ ಮಗಳು ದವಾಖಾನಿ ಕೆಲಸ ಕಲೀಲೇನಪಾ ತಂದೀ' ಅಂತ ಕೇಳಿದಿ. ಅಷ್ಟ ಕೇಳಿದಿ. ಆ ಸೆಂಟರ್ ಹೆಸರ ನೀ ತಗೀಲೇ ಇಲ್ಲ."

ಖರೆ, ನಾನೂ ಗುಡಿಯಲ್ಲೇ ಇದ್ದೆ. ಅವನು ಕೇಳಿದ್ದು ಅಷ್ಟೇ.

"ಹಂಗಾರ ಕಲೀಲಿ ಅಂತ ಬೀರಪ್ಪ ಅಂದಾನ," ಎಂದಳು ಮುಬಶೀರಾ. "ಎಲ್ಲಿ ಕಲೀಬೇಕಂತ ನೋಡೂದು ನಿಮ್ಮ ಕೆಲಸ. ಕುರಿ ಸಂತ್ಯಾಗ ಟಗರ ತಗೊಳ್ಳೂ ಮುಂದ ನೀವು ಏನ ನೋಡ್ತೀರಿ?"

"ಹಲ್ಲ ನೋಡ್ತೇನ್ರಿ," ಎಂದ ಮಾಳಿಂಗರಾಯ ತಕ್ಷಣ. "ಬಾಯಿ ತೆರಸದ ನಾ ವ್ಯಾಪಾರದ ಮಾತು ಸುದ್ಧಾ ಆಡಾಂವಲ್ಲ."

"ಮತ್ತ ಇವರ ಬಾಯಿ ತೆರಸ್ರಿ. ಫೋನ್ ಹಚ್ಚಿ ಒಂದ ಮಾತು ಕೇಳ್ರಿ. ಮಂಡಳಿ ಪಟ್ಟ್ಯಾಗ ನಿಮ್ಮ ಹೆಸರ ಐತೇನು ಅಂತ."

ಬಸ್ಸು ಬಂದು ನಿಂತಿತು. ಕಂಡಕ್ಟರ್ ಸೀಟಿ ಊದಿದ. ಮಾಳಿಂಗರಾಯ ಹತ್ತಲಿಲ್ಲ. ಫೋನ್ ಹಚ್ಚಿ, ನಮಗೆಲ್ಲ ಕೇಳುವ ಹಾಗೆ ಸ್ಪೀಕರಿಗೆ ಹಾಕಿದ.

"ನಮಸ್ಕಾರ್ರಿ. ನಿಮ್ಮ ಕಾಲೇಜು ಪ್ಯಾರಾ ಮೆಡಿಕಲ್ ಮಂಡಳಿ ಪಟ್ಟ್ಯಾಗ ಐತೇನ್ರಿ?"

"ನಮ್ಮದು ದಿಲ್ಲಿ ಮಟ್ಟದ ಸಂಸ್ಥಾ ಐತಿ ಕಾಕಾ," ಎಂದಿತು ಆ ದನಿ.

"ದಿಲ್ಲಿ ಇರಲ್ರಿ. ಪಟ್ಟ್ಯಾಗ ಹೆಸರ ಐತೋ ಇಲ್ಲೋ?"

"ಅದೆಲ್ಲಾ ನೀವ್ ಬಂದಮ್ಯಾಲ. ಮೊದಲ ಒರಿಜಿನಲ್ ಜಮಾ ಮಾಡ್ರಿ. ಇವತ್ತ ಕಡೀ ದಿನ, ಸೀಟ್ ಹೋಗತಾವ ನೋಡ್ರಿ."

ಮಾಳಿಂಗರಾಯ ಫೋನ್ ಕಟ್ ಮಾಡಿದ. "ಹಲ್ಲ ತೋರಿಸ್ರಿ ಅಂದ್ರ, ಹಗ್ಗಾ ಹಿಡಕೋ ಅಂತಾನಲ್ಲ ಇಂವ!" ಎಂದ. ಪೇಟೆಯ ಬಸ್ಸು ನಮ್ಮನ್ನು ಬಿಟ್ಟು ಹೋಯಿತು. ರಾಜಶ್ರೀ ಅದು ಹೋದ ದಾರಿಯನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿತ್ತು.

ರೇಣವ್ವನ ಅನುಮಾನ ಇನ್ನೂ ಮುಗಿದಿರಲಿಲ್ಲ. "ಎರಡು ವರ್ಷ ಅಂದ್ರ ಭಾಳ ಆತಲ್ರೀ ಅಕ್ಕಾರ. ಹುಡುಗಿ ವಯಸ್ಸು ನಿಂದ್ರತೈತೇನ್ರಿ? ಅಷ್ಟ ಓದಿದ ಮ್ಯಾಲರ ನೌಕರಿ ಖಾತ್ರೀನೋ?"

"ಖಾತ್ರಿ ಅಂತ ನಾ ಹೇಳಂಗಿಲ್ಲ ರೇಣವ್ವಕ್ಕ," ಎಂದಳು ಮುಬಶೀರಾ. "ಖಾತ್ರಿ ಅನ್ನವ್ರನ್ನ ನಂಬಲೂಬ್ಯಾಡ್ರಿ. ನಾ ಡಿಪ್ಲೊಮಾ ಮುಗಿಸಿ ಹುದ್ದೆ ಕರಿಯೂತನಾ ಮೂರು ವರ್ಷ ಕಾದೇನಿ. ಕಾಯೂ ಮುಂದ ಸುಮ್ಮ ಕುಂದ್ರಲಿಲ್ಲ, ಖಾಸಗಿ ಲ್ಯಾಬಿನ್ಯಾಗ ದುಡದೇನಿ, ಕೈ ಕುದುರಿತು. ಸರ್ಕಾರ ಹುದ್ದೆ ಕರದಾಗ ಪ್ರಕಟಣಿ ಹೊರಡಸತೈತಿ. ಯಾವ ಓದು ಬೇಕು, ವಯಸ್ಸು ಎಷ್ಟು, ಯಾರಿಗೆ ಎಷ್ಟು ಸಡಿಲಿಕಿ, ಎಲ್ಲಾ ಅದರಾಗ ಬರದಿರತೈತಿ. ಓದಿನಾಗ ತಗೊಂಡ ಅಂಕಾನೂ ಭಾಳ ಮುಖ್ಯ ಆಗತಾವ. ಆಮ್ಯಾಲ ಕರದು ಒಂದೊಂದ ಒರಿಜಿನಲ್ ಬೆಳಕಿಗೆ ಹಿಡಿದು ನೋಡ್ತಾರ. ಈ ಓದು ಇದ್ರ ಆ ಮೇಜಿನ ಮುಂದ ನಿಂದ್ರಬಹುದು. ಇಲ್ಲಂದ್ರ ನಿಂದ್ರಾಕೂ ಬರಂಗಿಲ್ಲ."

"ರಕ್ತ ನೋಡೂದು ಒಂದನ ಐತೇನ್ರಿ?" ರಾಜಶ್ರೀ ಕಣ್ಣು ಒರೆಸಿಕೊಂಡು ಕೇಳಿದಳು.

"ಇಲ್ಲ ತಂಗಿ. ಎಕ್ಸ್‌ರೇ ತಗೀವ್ರು, ಆಪರೇಷನ್ ಕೋಣ್ಯಾಗ ಡಾಕ್ಟರಿಗೆ ಸಲಕರಣಿ ಸಜ್ಜು ಮಾಡವ್ರು, ಕಣ್ಣು ಪರೀಕ್ಷೆ ಮಾಡವ್ರು, ಡಯಾಲಿಸಿಸ್ ಮಷೀನ್ ನಡಸವ್ರು, ಎಲ್ಲಾರೂ ಪ್ಯಾರಾಮೆಡಿಕಲ್‌ದವ್ರ. ಒಂದೊಂದಕ್ಕ ಒಂದೊಂದ ಡಿಪ್ಲೊಮಾ. ಎಕ್ಸ್‌ರೇ ಓದಿದಾಕಿನ್ನ ರಕ್ತ ಪರೀಕ್ಷೆ ಹುದ್ದೆಗೆ ತಗೊಳ್ಳಂಗಿಲ್ಲ. ನಿನ್ನ ಮನಸು ಎಲ್ಲಿ ಐತಿ, ಅದನ್ನ ಆರಿಸಿಕೋ."

"ನಂದು ಆ ಗುಲಾಬಿ ಚುಕ್ಕ್ಯಾಗ ಐತ್ರಿ," ಎಂದಳು ಹುಡುಗಿ. ರೇಣವ್ವ ಸೆರಗಿನಿಂದ ಮಗಳ ಕೆನ್ನೆ ಒರೆಸಿ, "ಕಲಿಯವಾ. ವರಾ ಎಲ್ಲಿ ಓಡಿ ಹೋಗತಾನ," ಎಂದಳು.

ಬಾದಾಮಿ ಬಸ್ಸು ಬಂತು. ನಾವೂ ಅದನ್ನೇ ಹತ್ತಿದೆವು. ಮುಬಶೀರಾ ತನ್ನ ಫೋನಿನಲ್ಲಿ ಮಂಡಳಿಯ ವೆಬ್‌ಸೈಟ್ ತೆರೆದು ಕಾಲೇಜುಗಳ ಪಟ್ಟಿ ತೋರಿಸಿದಳು. ಹಳದಿ ಚೀಟಿಯ ಹೆಸರನ್ನು ಮೇಲಿಂದ ಕೆಳಗೆ ಎರಡು ಸಲ ಹುಡುಕಿದೆವು, ಇರಲಿಲ್ಲ. ಆ ವಾರವೇ ಮಂಡಳಿಯ ಪ್ರಕಟಣೆ ಓದಿಸಿ ಅರ್ಜಿ ಹಾಕಿದರು. ದಾಖಲೆ ಪರಿಶೀಲನೆಯ ದಿನ ಮಾಳಿಂಗರಾಯ ತಲೆಗೆ ಹೊಸ ಪಟಕ ಸುತ್ತಿಕೊಂಡು ಮಗಳ ಬೆನ್ನಿಗೆ ನಿಂತಿದ್ದ. ಮಗಳಿಗಿಂತ ಅವನಿಗೇ ಹೆಚ್ಚು ಬೆವರು. ಬಾಗಲಕೋಟೆಯಲ್ಲಿ, ಪಟ್ಟಿಯಲ್ಲಿ ಹೆಸರಿದ್ದ ಕಾಲೇಜಿನಲ್ಲೇ ಸೀಟು ಸಿಕ್ಕಿತು.

ಕಥೆ ಇಲ್ಲಿಗೆ ಮುಗಿಯಿತು ಎಂದೇ ನಾನೂ ಅಂದುಕೊಂಡಿದ್ದೆ. ಹೋದ ತಿಂಗಳು ರಾಜಶ್ರೀಯನ್ನು ನೋಡಲು ಹಾಸ್ಟೆಲ್ಲಿಗೆ ಹೋದೆ. ಈಗ ಅವಳು ಕೊನೆಯ ವರ್ಷದ ತರಬೇತಿಯಲ್ಲಿದ್ದಾಳೆ, ಗಂಭೀರವಾಗಿ ಮಾತಾಡುತ್ತಾಳೆ. ಅವಳ ಪಕ್ಕದ ಮಂಚದ ಗೆಳತಿ ಶಕೀಲ, ಇಳಕಲ್ಲಿನವಳು. ಸೀರೆ ನೇಯುವ ಮನೆತನ. ಉಳಿದ ಹುಡುಗಿಯರಿಗಿಂತ ಅವಳು ಐದಾರು ವರ್ಷ ದೊಡ್ಡವಳ ಹಾಗೆ ಕಂಡಳು.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ನೀ ತಡಾ ಮಾಡಿ ಸೇರೀ ಏನವಾ?" ಎಂದುಬಿಟ್ಟೆ.

"ಇಲ್ರಿ ಅಕ್ಕಾ, ಎಲ್ಲಾರಿಗಿಂತ ಮೊದಲ ಸೇರಿದ್ದೆ," ಎಂದಳು ಶಕೀಲ. "ಬ್ಯಾರೇ ಕಡೆ. ಆರು ತಿಂಗಳದ್ದು. ನಮ್ಮ ಓಣಿಯಾಗೂ ಅಂಥದೊಂದು ಚೀಟಿ ಬಂದಿತ್ತು. ಒರಿಜಿನಲ್ ಕೊಟ್ಟೆ. ಸರ್ಟಿಫಿಕೇಟ್ ಬಂತು, ನಮ್ಮ ಅಬ್ಬಾ ಅದಕ್ಕ ಕಟ್ಟು ಹಾಕಿಸಿ ಗ್ವಾಡಿಗೆ ತೂಗು ಹಾಕಿದ್ರು. ಸರ್ಕಾರಿ ಹುದ್ದೆ ಕರದಾಗ ಅರ್ಜಿ ಹಾಕಾಕ ಹೋದೆ. ಇದು ನಡಿಯಂಗಿಲ್ಲವಾ ಅಂದ್ರು. ಹೊಸಾದಾಗಿ ಓದೋಣಂದ್ರ ಒರಿಜಿನಲ್ ಇಲ್ಲ. ಆ ಸೆಂಟರಿಗೆ ಕೀಲಿ ಬಿದ್ದಿತ್ತು. ಎರಡನೇ ಪ್ರತಿ ತಗಸಾಕ ಅಲದಾಡಿ ಅಲದಾಡಿ ನಾಲ್ಕು ವರ್ಷ ಹೋದುವು. ಅಬ್ಬಾ ಗ್ವಾಡಿ ಮ್ಯಾಲಿಂದ ಅದನ್ನ ಇನ್ನೂ ತಗದಿಲ್ಲ. ತಗೀರಿ ಅನ್ನಾಕ ನನಗ ಬಾಯಿ ಬರವಲ್ದು."

ರಾಜಶ್ರೀಗೆ ಅಂಥದೇ ಚೀಟಿ ತಂದಿದ್ದ ಕೈ ನನ್ನದೇ. ನಾಚಿಕೆಯಾಯಿತು, ಅದನ್ನು ಮುಚ್ಚಿಟ್ಟು ಏನು ಮಾಡಲಿ. ರಾಜಶ್ರೀ ಗೆಳತಿಯ ಭುಜದ ಮೇಲೆ ಕೈ ಇಟ್ಟಳು. ಶಕೀಲ ನಕ್ಕಳು, ಆ ನಗೆಯಲ್ಲಿ ಸಿಟ್ಟಿರಲಿಲ್ಲ.

"ಇಕಿಗೆ ಕುಳಗೇರಿ ಕ್ರಾಸಿನ್ಯಾಗ ಒಬ್ಬಾಕಿ ಸಿಕ್ಕಳು," ಎಂದಳು. "ನನಗ ಯಾರೂ ಸಿಗಲಿಲ್ಲ, ಅಷ್ಟ."

ಈ ಕಥೆ ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ. ಅಂದಿನಿಂದ ನನಗೆ ಆ ಮಾತೇ ಕಿವಿಯಲ್ಲಿದೆ. ನಿಮ್ಮ ಮಕ್ಕಳು ಸರ್ಕಾರಿ ದವಾಖಾನೆಯಲ್ಲಿ ಕೆಲಸ ಮಾಡುವ ಕನಸು ಕಾಣಲಿ, ಅದು ದೊಡ್ಡ ಕನಸು. ಆದರೆ ಸೇರಿಸುವ ಮೊದಲು ಆ ಕಾಲೇಜಿನ ಹೆಸರು ಪ್ಯಾರಾ ಮೆಡಿಕಲ್ ಮಂಡಳಿಯ ಪಟ್ಟಿಯಲ್ಲಿ ಇದೆಯೇ ಎಂದು ನಿಮ್ಮ ಕಣ್ಣಾರೆ ನೋಡಿ. ಓದಲು ಬಾರದಿದ್ದರೆ ಶಾಲೆಯ ಮಾಸ್ತರರನ್ನು, ಆಶಾ ಕಾರ್ಯಕರ್ತೆಯನ್ನು, ಹತ್ತಿರದ ಸರ್ಕಾರಿ ದವಾಖಾನೆಯವರನ್ನು ಕೇಳಿ. ನಿಯಮಗಳು ಬದಲಾಗುತ್ತಿರುತ್ತವೆ, ಆಯಾ ವರ್ಷದ ಪ್ರಕಟಣೆಯನ್ನೇ ಓದಿಸಿ. ಒರಿಜಿನಲ್ ಕಾಗದಗಳನ್ನು ತೋರಿಸಿ ವಾಪಸ್ ತನ್ನಿ. ಎಲ್ಲಾದರೂ ಕೊಡಲೇಬೇಕಾಗಿ ಬಂದರೆ ಬರೆದುಕೊಟ್ಟ ರಸೀದಿ ಇಲ್ಲದೆ ಕೈ ಬಿಡಬೇಡಿ. ಕೆಲಸ ಖಾತ್ರಿ ಎನ್ನುವವನ ಎದುರಿಗೆ ಒಂದು ಗಳಿಗೆಯೂ ನಿಲ್ಲಬೇಡಿ.

ಇನ್ನೊಂದು ಮಾತು, ಇದು ನನ್ನ ಸ್ವಂತದ್ದು. ನಾಳೆ ಬೆಳಗ್ಗೆ ನಿಮ್ಮೂರ ಬಸ್ ನಿಲ್ದಾಣದಲ್ಲಿ ಕಾಗದದ ಚೀಲ ಎದೆಗೆ ಅವಚಿಕೊಂಡು ನಿಂತ ಹುಡುಗಿ ಕಂಡರೆ, ನಮಗೇಕೆ ಬೇಕು ಎಂದು ಮುಖ ತಿರುಗಿಸಬೇಡಿ. ಹತ್ತಿರ ಹೋಗಿ, ಎಲ್ಲಿಗೆ ಹೊರಟಿದ್ದೀಯವ್ವಾ ಎಂದು ಕೇಳಿ.